ಎರಡು ಸಲ ಅನುವಾದ ಮಾಡಿದ ಎಲಿಜಬೆತ್

ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ 1806ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಮ್ಮನಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರ ಹತ್ತಿರ ತಾವೂ ಕೂತು ಗ್ರೀಕ್ ಕಲಿತರು. ತಮ್ಮ ಮುಂದೆ ಶಾಲೆಗೆ ಹೋದ, ಇವರನ್ನು ಕಳಿಸಲಿಲ್ಲ. ಆದರೂ ಬಿಡಲಿಲ್ಲ. ಬಾಯ್ಡ್ ಎಂಬ ಕಣ್ಣು ಕಾಣದ ಪಂಡಿತರಿಗೆ ಗ್ರೀಕ್ ಪುಸ್ತಕ ಓದಿ ಹೇಳುತ್ತಾ ಇನ್ನಷ್ಟು ಕಲಿತರು.

ಎಸ್ಕಿಲಸ್ ಬರೆದದ್ದು ಅಂತ ಹೇಳುವ ಒಂದು ದುರಂತ ನಾಟಕವಿದೆ. ಮನುಷ್ಯರಿಗೆ ಬೆಂಕಿ ತಂದುಕೊಟ್ಟ ತಪ್ಪಿಗೆ ಪ್ರೊಮಿಥಿಯಸನನ್ನು ಬಂಡೆಗೆ ಬಿಗಿದ ಕಥೆ. ಎಲಿಜಬೆತ್ ಅದನ್ನು ಎರಡೇ ವಾರದೊಳಗೆ ಇಂಗ್ಲಿಷಿಗೆ ತಂದರು. 1833ರಲ್ಲಿ ಹೆಸರು ಹಾಕದೆ ಅಚ್ಚಾಯಿತು. ಆಮೇಲೆ ಅವರಿಗೇ ಅದು ಹಿಡಿಸಲಿಲ್ಲ. ಕಾಯಿಲೆಯಿಂದ ಕೋಣೆಯಲ್ಲೇ ಇದ್ದ ಕಾಲದಲ್ಲಿ ಇಡೀ ನಾಟಕವನ್ನು ಮತ್ತೆ ಅನುವಾದಿಸಿದರು! ಒಂದು ಲೆಕ್ಕ ತಿರುಗಿ ಮಾಡು ಅಂದರೆ ನಂಗೆ ಅಳು ಬರುತ್ತೆ. ಹೊಸ ಅನುವಾದ 1850ರಲ್ಲಿ ಪ್ರಕಟವಾಯಿತು. 1861ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡರು.