ಶ್ರೀಕೃಷ್ಣದೇವರಾಯ: ಗರಡಿಯ ಸಾಧನೆಯಲ್ಲಿ ರೂಪುಗೊಂಡ ಬದುಕು

ವಿಜಯನಗರ ಸಾಮ್ರಾಜ್ಯದ ತುಳುವ ವಂಶದ ಅರಸರಲ್ಲಿ ಅಗ್ರಗಣ್ಯನಾದ ಶ್ರೀಕೃಷ್ಣದೇವರಾಯನು 1509ರಿಂದ 1529ರವರೆಗೆ ರಾಜ್ಯಭಾರ ಮಾಡಿದನು. ಈತನು ತುಳುವ ನರಸನಾಯಕ ಹಾಗೂ ನಾಗಲಾದೇವಿಯರ ಪುತ್ರ. ಅಣ್ಣನಾದ ವೀರನರಸಿಂಹನ ನಂತರ ಸಿಂಹಾಸನವನ್ನೇರಿದನು. ದಂಡನಾಯಕನಾಗಿ, ಕವಿಯಾಗಿ, ದೇವಾಲಯ ಹಾಗೂ ಕೆರೆಗಳ ನಿರ್ಮಾತೃವಾಗಿ ಈತನು ಪ್ರಸಿದ್ಧನಾಗಿದ್ದಾನೆ. ಈ ಎಲ್ಲ ಸಾಧನೆಗಳ ಹಿಂದೆ ಪ್ರತಿದಿನವೂ ನಸುಕಿಗೆ ಮುನ್ನ ಆರಂಭವಾಗುತ್ತಿದ್ದ ಕಠಿಣ ಅಂಗಸಾಧನೆಯಿತ್ತು ಎಂಬುದು ಗಮನಾರ್ಹ ಸಂಗತಿಯಾಗಿದೆ.

ದಿನಚರಿ

ಸುಮಾರು 1520ರಲ್ಲಿ ವಿಜಯನಗರವನ್ನು ಸಂದರ್ಶಿಸಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ರಾಯನ ದಿನಚರಿಯನ್ನು ವಿವರವಾಗಿ ದಾಖಲಿಸಿದ್ದಾನೆ. ಅದರಂತೆ ರಾಯನು ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನು. ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಸಿಕೊಳ್ಳುತ್ತಿದ್ದನು. ಬಳಿಕ ಸೊಂಟಕ್ಕೆ ಚಿಕ್ಕ ಬಟ್ಟೆಯನ್ನು ಮಾತ್ರ ಬಿಗಿದುಕೊಂಡು ಮಣ್ಣಿನಿಂದ ಮಾಡಿದ ಭಾರವಾದ ಗುಂಡುಗಳನ್ನು ಎತ್ತುತ್ತಿದ್ದನು. ಅನಂತರ ಕತ್ತಿ ಹಿಡಿದು, ಮೈಗೆ ಹಚ್ಚಿದ ಎಣ್ಣೆಯೆಲ್ಲ ಬೆವರಿನೊಡನೆ ಇಳಿದುಹೋಗುವವರೆಗೆ ವರಸೆಗಳನ್ನು ಅಭ್ಯಾಸ ಮಾಡುತ್ತಿದ್ದನು. ಅದಾದ ಮೇಲೆ ಆಸ್ಥಾನದ ಜಟ್ಟಿಯೊಬ್ಬನೊಡನೆ ಕುಸ್ತಿ, ಕೊನೆಗೆ ಬಯಲಿನಲ್ಲಿ ಕುದುರೆ ಸವಾರಿ. ಇವೆಲ್ಲವೂ ಮುಗಿಯುವ ಹೊತ್ತಿಗೆ ಬೆಳಗಾಗುತ್ತಿತ್ತು.

ಸ್ನಾನ ಮತ್ತು ದೇವರ ಪೂಜೆಯ ನಂತರ ರಾಯನು ಅಧಿಕಾರಿಗಳೊಡನೆ ಕುಳಿತು ರಾಜ್ಯದ ಕಾರ್ಯಗಳನ್ನು ನಿರ್ವಹಿಸುತ್ತಿದ್ದನು. ಪಾಯೆಸನು ಚಿತ್ರಿಸಿರುವ ರಾಯನು ಅಜಾನುಬಾಹುವೇನೂ ಅಲ್ಲ. ಸಾಧಾರಣ ಎತ್ತರ, ತುಸು ಸ್ಥೂಲವಾದ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆಗಳು. ಆತನ ದೇಹಬಲವು ನಿತ್ಯದ ಅಭ್ಯಾಸದಿಂದ ಗಳಿಸಿದ್ದಾಗಿತ್ತು.

ರಣರಂಗದಲ್ಲಿ

ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ರಾಯನು ಕಳಿಂಗದ ಗಜಪತಿಯ ವಿರುದ್ಧ ದಂಡೆತ್ತಿ ಹೋದನು. ದುರ್ಗಮವಾದ ಉದಯಗಿರಿ ಕೋಟೆಯನ್ನು ದೀರ್ಘಕಾಲ ಮುತ್ತಿ 1514ರಲ್ಲಿ ವಶಪಡಿಸಿಕೊಂಡನು. 1515ರಲ್ಲಿ ಕೊಂಡವೀಡು ಕೈವಶವಾಯಿತು.

1520ರ ರಾಯಚೂರು ಯುದ್ಧವು ರಾಯನ ಧೈರ್ಯದ ನಿಜವಾದ ಪರೀಕ್ಷೆಯಾಗಿತ್ತು. ಪೋರ್ಚುಗೀಸ್ ಬರಹಗಾರ ನೂನಿಜನ ವೃತ್ತಾಂತದಂತೆ, ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿಯು ಚದುರಿ ಹಿಮ್ಮೆಟ್ಟಿತು. ಆಗ ರಾಯನು ತನ್ನ ಬೆರಳಿನ ಉಂಗುರವನ್ನು ತೆಗೆದು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸುವಂತೆ ಸೇವಕನ ಕೈಗಿತ್ತು, ಕುದುರೆಯೇರಿ ಉಳಿದ ಸೈನ್ಯದೊಡನೆ ಮುನ್ನುಗ್ಗಿದನು. ಯುದ್ಧದ ಗತಿ ಬದಲಾಯಿತು. ಆದಿಲ್ ಶಾಹನು ಆನೆಯೇರಿ ರಣರಂಗದಿಂದ ಪಾರಾದನು. ದಿನವೂ ನಸುಕಿನಲ್ಲಿ ಕತ್ತಿ ಮತ್ತು ಕುದುರೆಗಳೊಡನೆ ಪಳಗಿದ ಅರಸನಿಗೆ ಇಂತಹ ನಿರ್ಧಾರ ಸಾಧ್ಯವಾಯಿತು.

ಸಾಹಿತ್ಯ ಮತ್ತು ಕಲೆ

ರಾಯನ ತೆಲುಗು ಮಹಾಕಾವ್ಯ ಆಮುಕ್ತಮಾಲ್ಯದದ ಪ್ರೇರಣೆಯೂ ದಂಡಯಾತ್ರೆಯ ನಡುವೆಯೇ ಒದಗಿತು. ಕಳಿಂಗ ಯಾತ್ರೆಯ ವೇಳೆ ಕೃಷ್ಣಾ ತೀರದ ಶ್ರೀಕಾಕುಳದಲ್ಲಿ ತಂಗಿದ್ದಾಗ ಆಂಧ್ರವಿಷ್ಣುವು ಕನಸಿನಲ್ಲಿ ಕಾಣಿಸಿಕೊಂಡು ಕಾವ್ಯ ರಚಿಸಲು ಆದೇಶಿಸಿದನೆಂದು ಕಾವ್ಯವೇ ತಿಳಿಸುತ್ತದೆ. ಆರು ಆಶ್ವಾಸಗಳ ಈ ಕೃತಿಯಲ್ಲಿ ಗೋದಾದೇವಿ ಮತ್ತು ಶ್ರೀರಂಗನಾಥನ ಕಥೆಯಿದೆ. ಜೊತೆಗೆ ಕೋಟೆ, ಬಂದರು, ತೆರಿಗೆ, ಕೆರೆ ಕಾಲುವೆಗಳ ಕುರಿತ ರಾಜನೀತಿಯೂ ಇದೆ. ಸಂಸ್ಕೃತದಲ್ಲಿ ಜಾಂಬವತಿಯ ಕಥೆಯನ್ನು ಆಧರಿಸಿದ ನಾಟಕವನ್ನೂ ರಾಯನು ರಚಿಸಿದ್ದಾನೆ. ಕುಮಾರವ್ಯಾಸನು ಬರೆಯದೆ ಉಳಿಸಿದ್ದ ಭಾರತದ ಪರ್ವಗಳನ್ನು ತಿಮ್ಮಣ್ಣ ಕವಿಯು ಕನ್ನಡದಲ್ಲಿ ಪೂರ್ಣಗೊಳಿಸಿದ್ದು ಈತನ ಆಶ್ರಯದಲ್ಲಿಯೇ.

ಅಂಗಸಾಧನೆಯ ಗೌರವವು ಅರಮನೆಯಲ್ಲೆಲ್ಲ ಹರಡಿತ್ತು. ಮಹಾನವಮಿ ಉತ್ಸವದಲ್ಲಿ ಜಟ್ಟಿಗಳ ಕಾಳಗ ನಡೆದು, ಗೆದ್ದವರಿಗೆ ರೇಷ್ಮೆ ವಸ್ತ್ರದ ಉಡುಗೊರೆ ಸಲ್ಲುತ್ತಿತ್ತು. ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ನೂನಿಜನು ಬರೆದಿದ್ದಾನೆ. ನೃತ್ಯ ಕಲಿಸುವ ಶಾಲೆಯಲ್ಲಿ ನರ್ತನದ ಕೊನೆಯ ಭಂಗಿಗಳನ್ನು ಶಿಲ್ಪಗಳಲ್ಲಿ ಕೆತ್ತಲಾಗಿತ್ತು. ಭಂಗಿ ಮರೆತವಳು ಶಿಲ್ಪವನ್ನು ನೋಡಿ ತಿದ್ದಿಕೊಳ್ಳುತ್ತಿದ್ದಳು. ಕುಸ್ತಿಯಂತೆಯೇ ಕಲೆಯೂ ಮೈಗೂಡುವುದು ಅಭ್ಯಾಸದಿಂದಲೇ ಎಂಬ ತಿಳಿವಳಿಕೆಗೆ ಇದು ಸಾಕ್ಷಿ.

ಪ್ರಜಾಹಿತ ಕಾರ್ಯಗಳು

ತಾಯಿಯ ನೆನಪಿಗಾಗಿ ನಿರ್ಮಿಸಿದ ನಾಗಲಾಪುರವು ಇಂದಿನ ಹೊಸಪೇಟೆಯಲ್ಲಿದೆ. ಅಲ್ಲಿಯ ದೊಡ್ಡ ಕೆರೆಯ ಕೆಲಸದಲ್ಲಿ ಪೋರ್ಚುಗೀಸ್ ಕುಶಲಕರ್ಮಿಯೊಬ್ಬನ ನೆರವನ್ನೂ ಪಡೆಯಲಾಯಿತು. ಕೆರೆಯ ನೀರಾವರಿ ಭೂಮಿಯನ್ನು ಹದಗೊಳಿಸಿಕೊಳ್ಳಲು ಸಾಗುವಳಿದಾರರಿಗೆ ಒಂಬತ್ತು ವರ್ಷ ಕಂದಾಯ ವಿನಾಯಿತಿ ನೀಡಲಾಗಿತ್ತೆಂದು ನೂನಿಜನು ದಾಖಲಿಸಿದ್ದಾನೆ. ಹಂಪಿಯ ಕೃಷ್ಣ ದೇವಾಲಯ, ವಿರೂಪಾಕ್ಷ ದೇವಾಲಯದ ರಂಗಮಂಟಪ ಹಾಗೂ 1528ರ ಏಕಶಿಲಾ ಉಗ್ರನರಸಿಂಹ ವಿಗ್ರಹವು ಈತನ ಕಾಲದ ಕೊಡುಗೆಗಳು.

ಕೊನೆಯ ವರ್ಷಗಳು

ಗರಡಿಯ ಶಿಸ್ತು ಎಲ್ಲವನ್ನೂ ಗೆಲ್ಲಿಸಿಕೊಡಲಿಲ್ಲ. ರಾಯನು ಸದಾ ಹಸನ್ಮುಖಿಯಾದರೂ ಒಮ್ಮೊಮ್ಮೆ ಹಠಾತ್ತನೆ ಕೋಪಗೊಳ್ಳುತ್ತಿದ್ದನೆಂದು ಪಾಯೆಸನು ಹೇಳಿದ್ದಾನೆ. ಯುವರಾಜನಾದ ಬಾಲಕ ತಿರುಮಲನು ಅಕಾಲದಲ್ಲಿ ತೀರಿಕೊಂಡಾಗ, ವಿಷಪ್ರಯೋಗದ ಶಂಕೆಯಿಂದ ರಾಯನು ಮಹಾಪ್ರಧಾನ ತಿಮ್ಮರಸನನ್ನು ಸೆರೆಯಲ್ಲಿಟ್ಟು ಕಣ್ಣು ಕೀಳಿಸಿದನೆಂದು ನೂನಿಜನು ತಿಳಿಸುತ್ತಾನೆ. ತನಗೆ ಪಟ್ಟ ದೊರಕಿಸಿ ಮಾರ್ಗದರ್ಶನ ಮಾಡಿದ ಹಿರಿಯನಿಗೆ ಒದಗಿದ ಈ ಗತಿಯು ರಾಯನ ಬಾಳಿನ ದುಃಖದ ಅಧ್ಯಾಯವಾಗಿದೆ. ಮೈಯನ್ನು ಪಳಗಿಸಿದವನಿಗೂ ಮನಸ್ಸನ್ನು ಪಳಗಿಸುವುದು ಸುಲಭವಲ್ಲ ಎಂಬುದನ್ನು ಇದು ನೆನಪಿಸುತ್ತದೆ. 1529ರಲ್ಲಿ ರಾಯನು ನಿಧನನಾದನು. ಸಹೋದರ ಅಚ್ಯುತರಾಯನು ಉತ್ತರಾಧಿಕಾರಿಯಾದನು.

ಪರಂಪರೆ

ವಿಜಯನಗರದ ಮಹಾನವಮಿ ಆಚರಣೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಆ ಪರಂಪರೆಯನ್ನು ನೆನಪಿಗೆ ತರುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಸ್ತಿಪಟುಗಳು, ನರ್ತಕಿಯರು, ಬೇಟೆಗಾರರು ಹಾಗೂ ಕುದುರೆಗಳ ಉಬ್ಬುಶಿಲ್ಪಗಳನ್ನು ಇಂದಿಗೂ ಕಾಣಬಹುದಾಗಿದೆ.