ಕುದುರೆಲಾಯದಲ್ಲಿ ಶಾಲೆ ತೆರೆದ ಮೇರಿ ಮೆಕಿಲಪ್

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಬಂದವನಿಗೆ ಮೊದಲು ಬೇಕಾದುದು ಕೆಲಸ. ಅನಂತರ ತಲೆಯ ಮೇಲೊಂದು ಸೂರು. ಇವೆರಡೂ ದೊರೆತ ಮೇಲೆ ಅವನ ಮನಸ್ಸನ್ನು ಕಾಡುವ ಚಿಂತೆ ಮಕ್ಕಳ ವಿದ್ಯಾಭ್ಯಾಸದ್ದು. ಪರಸ್ಥಳದಲ್ಲಿ ನೆಲಸಿರುವ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾ ಖಂಡಕ್ಕೆ ವಲಸೆ ಹೋದ ಬಡ ಕುಟುಂಬಗಳನ್ನೂ ಇದೇ ಚಿಂತೆ ಬಾಧಿಸುತ್ತಿತ್ತು. ಆ ಚಿಂತೆಯನ್ನು ತನ್ನದೆಂದು ಬಗೆದು, ಅದರ ಪರಿಹಾರಕ್ಕಾಗಿ ಬಾಳನ್ನೇ ಸವೆಸಿದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಮೇರಿ ಮೆಕಿಲಪ್ ಅವರು 1842ನೆಯ ಇಸವಿ ಜನವರಿ 15ರಂದು ಮೆಲ್ಬರ್ನ್ ನಗರದ ಫಿಟ್ಸ್‌ರಾಯ್ ಎಂಬಲ್ಲಿ ಜನಿಸಿದರು. ತಂದೆ ಅಲೆಗ್ಸಾಂಡರ್, ತಾಯಿ ಫ್ಲೋರಾ. ಇಬ್ಬರೂ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಿಂದ ವಲಸೆ ಬಂದವರು. ತಂದೆ ಪಾದ್ರಿಯಾಗಬೇಕೆಂದು ರೋಮಿನಲ್ಲಿ ವ್ಯಾಸಂಗ ಮಾಡಿ, ದೀಕ್ಷೆ ಪಡೆಯುವ ಮೊದಲೇ ಅದನ್ನು ಬಿಟ್ಟಿದ್ದರು. ವಿದ್ಯಾವಂತರೇನೋ ಹೌದು, ಆದರೆ ವ್ಯವಹಾರಚತುರರಲ್ಲ. ಕೈ ಹಾಕಿದ ಉದ್ಯೋಗಗಳೆಲ್ಲ ನಷ್ಟದಲ್ಲಿಯೇ ಮುಗಿದವು. ಎಂಟು ಮಕ್ಕಳ ಸಂಸಾರವು ಮನೆಯಿಂದ ಮನೆಗೆ, ಬಂಧುಗಳ ಆಶ್ರಯದಿಂದ ಆಶ್ರಯಕ್ಕೆ ಅಲೆಯಬೇಕಾಯಿತು. ಮಕ್ಕಳಲ್ಲಿ ಹಿರಿಯರಾದ ಮೇರಿ ಅವರಿಗೆ ಶಾಲೆಯಲ್ಲಿ ಕಲಿತುದಕ್ಕಿಂತ ತಂದೆಯ ಬಳಿಯಲ್ಲಿ ಕಲಿತುದೇ ಹೆಚ್ಚು.

ಮನೆಯ ಹಿರಿಯ ಮಗುವಿಗೆ ಬಾಲ್ಯವು ಬೇಗನೆ ಮುಗಿಯುತ್ತದೆ. ಮೇರಿ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಮೆಲ್ಬರ್ನಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದರು. ದುಡಿದು ತಂದುದು ಸಂಸಾರಕ್ಕೇ ಸಂದಾಯವಾಗುತ್ತಿತ್ತು. ಹದಿನೆಂಟು ತುಂಬಿದಾಗ, ಅಂದರೆ 1860ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಪೆನೋಲಾ ಎಂಬ ಗ್ರಾಮದ ಸಮೀಪ ಜಮೀನುದಾರರಾಗಿದ್ದ ಬಂಧುಗಳ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಉದ್ಯೋಗ ದೊರೆಯಿತು. ಮನೆಯ ಮಕ್ಕಳಿಗೆ ಮಾತ್ರ ಕಲಿಸಿದ್ದರೆ ಸಾಕಾಗಿತ್ತು. ಆದರೆ ಅವರು ಆ ಜಮೀನಿನಲ್ಲಿ ದುಡಿಯುವವರ ಮಕ್ಕಳನ್ನೂ ಕರೆತಂದು ಅದೇ ಪಾಠಕ್ಕೆ ಕೂರಿಸಿದರು. ಮುಂದೆ ಅವರು ನಡೆಸಿದ ಮಹತ್ಕಾರ್ಯದ ಬೀಜವು ಇಲ್ಲಿಯೇ ಬಿತ್ತು ಎನ್ನಬಹುದು.

ಆ ಪ್ರಾಂತದ ಪಾದ್ರಿಯಾಗಿದ್ದ ಜೂಲಿಯನ್ ಟೆನಿಸನ್ ವುಡ್ಸ್ ಅವರು ಭೂಗರ್ಭಶಾಸ್ತ್ರದಲ್ಲಿಯೂ ಪಾಂಡಿತ್ಯವುಳ್ಳವರು. ಕುದುರೆಯೇರಿ ನೂರಾರು ಮೈಲಿ ಸಂಚರಿಸುತ್ತಿದ್ದ ಅವರಿಗೆ, ಅಕ್ಷರದ ಗಂಧವಿಲ್ಲದೆ ಬೆಳೆಯುತ್ತಿದ್ದ ಹಳ್ಳಿಯ ಮಕ್ಕಳನ್ನು ಕಂಡು ವ್ಯಥೆಯಾಗಿತ್ತು. ಪಟ್ಟಣದ ಶಾಲೆಗಳು ದೂರ. ಶುಲ್ಕ ತೆರುವ ಶಕ್ತಿ ತಂದೆತಾಯಿಗಳಿಗಿಲ್ಲ. ಕ್ರೈಸ್ತ ಮಠದ ಶಾಲೆಗಳಿಗೆ ಆ ಪ್ರಾಂತದಲ್ಲಿ ಸರಕಾರದ ಸಹಾಯಧನವೂ ಇರಲಿಲ್ಲ. ಪಾದ್ರಿಯವರೂ ಮೇರಿ ಅವರೂ ಈ ವಿಷಯವನ್ನು ಕುರಿತು ಬಹಳ ಆಲೋಚಿಸಿದರು. ಆದರೆ ಸಂಸಾರದ ಭಾರವು ಮೇರಿ ಅವರನ್ನು ಬಿಡಲಿಲ್ಲ. 1862ರಲ್ಲಿ ಪೋರ್ಟ್‌ಲೆಂಡ್ ಎಂಬ ಬಂದರಿಗೆ ಹೋಗಿ ಉಪಾಧ್ಯಾಯಿನಿಯಾಗಿ, ಬಳಿಕ ಸಣ್ಣದೊಂದು ವಸತಿಶಾಲೆಯನ್ನೂ ನಡೆಸಿ, ಮನೆಯವರನ್ನು ಅಲ್ಲಿಗೆ ಕರೆಸಿಕೊಂಡರು.

ಕೊನೆಗೆ 1866ರಲ್ಲಿ ಪಾದ್ರಿಯವರ ಆಹ್ವಾನದಂತೆ ಇಬ್ಬರು ತಂಗಿಯರೊಡನೆ ಪೆನೋಲಾಕ್ಕೆ ಮರಳಿದರು. ಶಾಲೆಗೆ ಕಟ್ಟಡವಿರಲಿಲ್ಲ. ಉಪಯೋಗವಿಲ್ಲದೆ ಬಿದ್ದಿದ್ದ ಕುದುರೆಲಾಯವೊಂದನ್ನು ಅವರ ಸಹೋದರನು ದುರಸ್ತಿಮಾಡಿಕೊಟ್ಟನು. ಅಲ್ಲಿ ಐವತ್ತಕ್ಕೂ ಮಿಕ್ಕಿದ ಮಕ್ಕಳೊಡನೆ ಪಾಠ ಆರಂಭವಾಯಿತು. ಓದು, ಬರಹ, ಲೆಕ್ಕ, ಧರ್ಮಬೋಧೆ ಇವೇ ಪಾಠಗಳು. ಕೊಡಬಲ್ಲವರು ಶುಲ್ಕ ಕೊಟ್ಟರು. ಕೊಡಲಾರದವರ ಮಕ್ಕಳು ಕೊಡದೆಯೇ ಕಲಿತರು. ಎರಡು ಬಗೆಯ ಮಕ್ಕಳಿಗೂ ಒಂದೇ ಮಣೆ, ಒಂದೇ ಪಾಠ. ಅದೇ ವರ್ಷ ಮೇರಿ ಅವರು ಸಂನ್ಯಾಸಿನಿಯ ಜೀವನವನ್ನು ಕೈಕೊಂಡರು. ಹೀಗೆ ಹುಟ್ಟಿದ ಸಂತ ಜೋಸೆಫರ ಸೋದರಿಯರ ಸಂಘವು ಆಸ್ಟ್ರೇಲಿಯಾದವರೇ ಸ್ಥಾಪಿಸಿದ ಪ್ರಥಮ ಕನ್ಯಾಸ್ತ್ರೀಯರ ಸಂಘವೆನಿಸಿತು.

1867ರಲ್ಲಿ ಅಡಿಲೇಡಿನ ಬಿಷಪ್ ಶೀಲ್ ಅವರ ಅಪೇಕ್ಷೆಯಂತೆ ಮೇರಿ ಅವರು ಆ ನಗರಕ್ಕೆ ಬಂದರು. ಸಂಘವು ಆಶ್ಚರ್ಯಕರವಾದ ವೇಗದಿಂದ ಬೆಳೆಯಿತು. 1869ರ ವೇಳೆಗೆ 72 ಸೋದರಿಯರು 21 ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. 1871ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಮತ್ತು ಕ್ವೀನ್ಸ್‌ಲೆಂಡ್ ಪ್ರಾಂತಗಳಲ್ಲಿ ಅವರ ಸಂಖ್ಯೆ ಸುಮಾರು 130ಕ್ಕೆ ಏರಿತ್ತು. ಶಾಲೆಗಳೂ ಧರ್ಮಸಂಸ್ಥೆಗಳೂ ಕೂಡಿ ನಲವತ್ತನ್ನು ದಾಟಿದ್ದವು. ಮೇರಿ ಅವರಿಗೆ ಆಗ ಇಪ್ಪತ್ತೊಂಬತ್ತೇ ವರ್ಷ.

ಈ ಸಂಘದ ವೈಶಿಷ್ಟ್ಯವೇನು? ಯೂರೋಪಿನ ಪದ್ಧತಿಯಂತೆ ಕನ್ಯಾಸ್ತ್ರೀಯರು ದೊಡ್ಡ ಮಠಗಳಲ್ಲಿ ವಾಸಿಸುತ್ತಿದ್ದರು. ಮಕ್ಕಳು ಅಲ್ಲಿಗೆ ಬರಬೇಕು. ಮೇರಿ ಅವರು ಈ ಕ್ರಮವನ್ನು ತಿರುಗಿಸಿದರು. ಮಕ್ಕಳು ಎಲ್ಲಿರುವರೋ ಅಲ್ಲಿಗೆ ಉಪಾಧ್ಯಾಯಿನಿಯೇ ಹೋಗತಕ್ಕದ್ದು. ಇಬ್ಬರು ಮೂವರು ಸೋದರಿಯರು ಸಣ್ಣ ಗುಡಿಸಲಿನಲ್ಲಿ, ಗಣಿ ಕೆಲಸದವರ, ರೈಲ್ವೆ ಕೂಲಿಗಳ, ರೈತರ ನಡುವೆ ನೆಲಸಿ, ಅವರು ಉಂಡುದನ್ನೇ ಉಂಡು ಪಾಠ ಹೇಳುತ್ತಿದ್ದರು. ಸ್ವಂತ ಆಸ್ತಿಯೆಂಬುದು ಅವರಿಗಿರಲಿಲ್ಲ. ಕೈ ಬರಿದಾದಾಗ ಭಿಕ್ಷೆಯೆತ್ತಿದರು. ಸಿರಿವಂತರ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯಲೂ, ಅಂದಿನ ಘನತೆಯ ಗುರುತಾಗಿದ್ದ ವಾದ್ಯಸಂಗೀತವನ್ನು ಕಲಿಸಲೂ ಅವರು ಒಪ್ಪಲಿಲ್ಲ. ಅದಕ್ಕೆ ಬೇರೆಯವರಿದ್ದಾರೆ, ಬಡವರಿಗೆ ಯಾರೂ ಇಲ್ಲ ಎಂಬುದೇ ಅವರ ವಾದ.

ಇನ್ನೊಂದು ಮುಖ್ಯ ನಿಯಮವಿತ್ತು. ಸಂಘದ ಆಡಳಿತವು ಸೋದರಿಯರೇ ಆರಿಸಿದ ಹಿರಿಯಳ ಕೈಯಲ್ಲಿರಬೇಕು, ಆಯಾ ಪ್ರಾಂತದ ಬಿಷಪರ ಕೈಯಲ್ಲಲ್ಲ. ಮೇಲುನೋಟಕ್ಕೆ ಇದು ಅಧಿಕಾರದ ಹಂಬಲದಂತೆ ತೋರಬಹುದು. ಆದರೆ ಇದರ ಹಿಂದಿದ್ದ ವಿಚಾರವು ಸರಳವಾದುದು. ಒಂದೊಂದು ಪ್ರಾಂತವೂ ತನ್ನ ಉಪಾಧ್ಯಾಯಿನಿಯರನ್ನು ತನ್ನಲ್ಲಿಯೇ ಕಟ್ಟಿಹಾಕಿಕೊಂಡರೆ, ಹೊಸದಾಗಿ ಜನ ನೆಲಸಿದ ದೂರದ ಗಣಿಗೋ ಗುಡಿಸಲಿಗೋ ಹೋಗುವವರಾರು? ಎಲ್ಲಿ ಅವಶ್ಯವೋ ಅಲ್ಲಿಗೆ ಕಳುಹಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ಸಂಘದ ಉದ್ದೇಶವೇ ಮಣ್ಣುಗೂಡುತ್ತಿತ್ತು.

ಈ ನಿಯಮವೇ ಅವರಿಗೆ ಕಷ್ಟವನ್ನು ತಂದಿತು. ಸೋದರಿಯರನ್ನು ಸಹಿಸದ ಕೆಲವು ಪಾದ್ರಿಗಳು ಬಿಷಪರ ಕಿವಿಯೂದಿದರು. ತಾವೇ ಹಿಂದೆ ಸಮ್ಮತಿಸಿದ್ದ ನಿಯಮಗಳನ್ನು ಬದಲಾಯಿಸಲು ಬಿಷಪರು ಹೊರಟರು. ಮೇರಿ ಅವರು ವಿನಯದಿಂದಲೇ, ಆದರೆ ದೃಢವಾಗಿ, ಅದಕ್ಕೆ ಒಡಂಬಡಲಿಲ್ಲ. 1871ರ ಸೆಪ್ಟೆಂಬರ್ 22ರಂದು, ಸೋದರಿಯರೆಲ್ಲ ನೆರೆದಿರುವಾಗ, ಅವಿಧೇಯತೆಯ ಅಪವಾದವನ್ನು ಹೊರಿಸಿ ಬಿಷಪರು ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ನಮ್ಮ ಹಳ್ಳಿಗಳಲ್ಲಿ ಹಿಂದೆ ಮಠದಿಂದ ಬಹಿಷ್ಕಾರವಾದವನ ಮನೆಯ ನೀರನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ನೆನೆದರೆ ಈ ಶಿಕ್ಷೆಯ ಘೋರತೆಯು ವಾಚಕರಿಗೆ ಅರಿವಾಗುವುದು. ಬಹುಪಾಲು ಶಾಲೆಗಳು ಮುಚ್ಚಿಹೋದವು. ಅನೇಕ ಸೋದರಿಯರು ಬೀದಿಪಾಲಾದರು.

ಆಗ ಅವರಿಗೆ ಬಾಡಿಗೆಯಿಲ್ಲದೆ ಮನೆಯೊಂದನ್ನು ಕೊಟ್ಟು ಕಾಪಾಡಿದವರು ಇಮ್ಯಾನುಯೆಲ್ ಸಾಲಮನ್ ಎಂಬ ಯೆಹೂದಿ ವರ್ತಕರು. ಸ್ವಧರ್ಮದ ಬಾಗಿಲು ಮುಚ್ಚಿದಾಗ ಪರಧರ್ಮದವರೊಬ್ಬರು ಬಾಗಿಲು ತೆರೆದರು. ಮೇರಿ ಅವರು ಈ ಕಾಲದಲ್ಲಿ ಬಿಷಪರನ್ನು ದೂಷಿಸಲಿಲ್ಲ. ತಮ್ಮ ಪಕ್ಷವನ್ನು ಕಟ್ಟಿ ಕಾದಾಡಲೂ ಇಲ್ಲ. ಐದು ತಿಂಗಳು ಕಳೆಯಿತು. 1872ರ ಫೆಬ್ರವರಿಯಲ್ಲಿ ಮರಣಶಯ್ಯೆಯಲ್ಲಿದ್ದ ಬಿಷಪರು ತಮ್ಮ ತಪ್ಪನ್ನರಿತು, ಬಹಿಷ್ಕಾರವನ್ನು ತೆಗೆದುಹಾಕುವಂತೆ ಆಜ್ಞಾಪಿಸಿದರು. ಅನಂತರ ನಡೆದ ವಿಚಾರಣೆಯಲ್ಲಿಯೂ ಮೇರಿ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. ಶಾಲೆಗಳ ಬಾಗಿಲುಗಳು ಮತ್ತೆ ತೆರೆದವು.

ಇಷ್ಟಕ್ಕೆ ತೃಪ್ತರಾಗದೆ ಅವರು 1873ರಲ್ಲಿ ರೋಮಿಗೆ ಪ್ರಯಾಣಮಾಡಿ ಪೋಪ್ ಒಂಬತ್ತನೆಯ ಪಯಸ್ ಅವರ ದರ್ಶನ ಪಡೆದರು. ಸಂಘದ ಸ್ವಂತ ಆಡಳಿತಕ್ಕೆ ಅಲ್ಲಿ ಬೆಂಬಲ ದೊರೆಯಿತು. ಆದರೆ ಆಸ್ತಿಯನ್ನೇ ಹೊಂದಬಾರದೆಂಬ ಕಠಿಣ ನಿಯಮವನ್ನು ಸಡಿಲಿಸಬೇಕಾಯಿತು. ಇದರಿಂದ ನೊಂದ ವುಡ್ಸ್ ಪಾದ್ರಿಯವರು ದೂರವಾದರು. ಹಳೆಯ ಸ್ನೇಹವು ಹೀಗೆ ಒಡೆದುದು ಮೇರಿ ಅವರ ಬಾಳಿನ ದೊಡ್ಡ ನೋವುಗಳಲ್ಲಿ ಒಂದು. ಯೂರೋಪಿನ ಶಾಲೆಗಳ ಬೋಧನಕ್ರಮವನ್ನು ಕಣ್ಣಾರೆ ಕಂಡು, ಐರ್ಲೆಂಡಿನಿಂದ ಹದಿನೈದು ಮಂದಿ ಹೊಸ ಸೋದರಿಯರನ್ನು ಕರೆದುಕೊಂಡು 1875ರ ಜನವರಿಯಲ್ಲಿ ಹಿಂದಿರುಗಿದರು. ಆ ವರ್ಷವೇ ಸಂಘದ ಮುಖ್ಯಸ್ಥೆಯಾಗಿ ಚುನಾಯಿತರಾದರು.

ಮುಂದೆಯೂ ಹಾದಿ ಹೂವಿನದಾಗಿರಲಿಲ್ಲ. ಆಡಳಿತದ ಪ್ರಶ್ನೆಯಿಂದಾಗಿ ಬಾತರ್ಸ್ಟ್ ಮತ್ತು ಕ್ವೀನ್ಸ್‌ಲೆಂಡುಗಳಿಂದ ಸೋದರಿಯರು ಹಿಂದೆಗೆಯಬೇಕಾಯಿತು. 1883ರಲ್ಲಿ ಅಡಿಲೇಡಿನ ಇನ್ನೊಬ್ಬ ಬಿಷಪರ ಆಜ್ಞೆಯಂತೆ ಆ ನಗರವನ್ನು ತೊರೆದು ಸಿಡ್ನಿಯನ್ನು ಸೇರಿದರು. 1885ರಲ್ಲಿ ಮುಖ್ಯಸ್ಥೆಯ ಪದವಿಯೂ ಹೋಯಿತು. 1886ರಲ್ಲಿ, ಸೋದರಿಯರ ಧರ್ಮಕಾರ್ಯಕ್ಕೆ ನೆರವಾಗಲೆಂದು ಸಿಡ್ನಿಗೆ ಬರುತ್ತಿದ್ದ ತಾಯಿಯವರು ಹಡಗಿನ ಅಪಘಾತದಲ್ಲಿ ಮುಳುಗಿ ಮಡಿದರು. ಆದರೂ ಮೇರಿ ಅವರು ಕೆಲಸವನ್ನು ಬಿಡಲಿಲ್ಲ. 1888ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಸಂಘದ ಕೇಂದ್ರ ಆಡಳಿತಕ್ಕೆ ಶಾಶ್ವತ ಮನ್ನಣೆಯಿತ್ತರು. ತಾವು ಪದವಿಯಲ್ಲಿಲ್ಲದಾಗ ತಮ್ಮ ಕಾರ್ಯಕ್ಕೆ ಜಯ ದೊರೆತುದು ಅವರಿಗೆ ಸಂತೋಷದ ವಿಷಯವೇ ಆಗಿತ್ತು.

1899ರಲ್ಲಿ ಸೋದರಿಯರು ಅವರನ್ನೇ ಅವಿರೋಧವಾಗಿ ಮತ್ತೆ ಆರಿಸಿದರು. 1902ರಲ್ಲಿ ನ್ಯೂಜಿಲೆಂಡಿನ ರೋಟೊರುವಾದಲ್ಲಿ ಪಾರ್ಶ್ವವಾಯು ಬಡಿದು ಬಲಭಾಗವು ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತು, ಎಡಗೈಯಿಂದ ಬರೆಯಲು ಕಲಿತರು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಹೋದಾಗ, ಅರುವತ್ತನೆಯ ವಯಸ್ಸಿನಲ್ಲಿ ತಾವೇ ಮಕ್ಕಳಂತೆ ಹೊಸದಾಗಿ ತಿದ್ದಿದರು! 1909ರ ಆಗಸ್ಟ್ 8ರಂದು ಉತ್ತರ ಸಿಡ್ನಿಯಲ್ಲಿ ಅವರು ದೇಹವಿಟ್ಟರು. ಸಮಾಧಿಯ ಮಣ್ಣನ್ನು ಜನರು ಭಕ್ತಿಯಿಂದ ಕೊಂಡೊಯ್ಯುತ್ತಿದ್ದುದರಿಂದ, 1914ರಲ್ಲಿ ಅವರ ದೇಹಾವಶೇಷವನ್ನು ಪ್ರಾರ್ಥನಾಲಯಕ್ಕೆ ತಂದಿರಿಸಲಾಯಿತು. 2010ರ ಅಕ್ಟೋಬರ್ 17ರಂದು ಪೋಪರು ಅವರಿಗೆ ಸಂತಪದವಿಯನ್ನು ಘೋಷಿಸಿದರು. ಒಮ್ಮೆ ಬಹಿಷ್ಕಾರಕ್ಕೊಳಗಾದವರೇ ಆಸ್ಟ್ರೇಲಿಯಾದ ಪ್ರಥಮ ಸಂತರಾದರು.

ಸಂತಪದವಿಯು ಅವರ ಧರ್ಮದವರಿಗೆ ಪೂಜ್ಯವಾದುದು. ಆದರೆ ಅವರ ಬಾಳಿನ ಸಾರವನ್ನು ಗ್ರಹಿಸಲು ಯಾವ ಮತದ ಅಡ್ಡಿಯೂ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಲೇಖನಿ ಹಿಡಿದು ಮನೆಯನ್ನು ಸಾಕಿದ ಗುಮಾಸ್ತೆಗೆ, ಕೂಲಿಯವನ ಮಗುವಿನ ಪಾಲಿಗೆ ಅಕ್ಷರವೆಂದರೆ ಏನೆಂಬುದು ಗೊತ್ತಿತ್ತು. ಆ ಮಗುವು ಶಾಲೆಗೆ ಬರಲಾರದು ಎಂದು ಕೈಕಟ್ಟಿ ಕೂರದೆ, ಶಾಲೆಯನ್ನೇ ಮಗುವಿದ್ದಲ್ಲಿಗೆ ಕೊಂಡೊಯ್ದರು. ಹಗಲೆಲ್ಲ ದುಡಿದು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದ ಅನೇಕರು ನಮ್ಮಲ್ಲಿದ್ದಾರೆ. ತಮ್ಮನ್ನು ಹುಡುಕಿಕೊಂಡು ಬಂದು ಪಾಠ ಹೇಳಿದ ಮಾಸ್ತರರ ಬೆಲೆಯನ್ನು ಅವರು ಬಲ್ಲರು.