ಶಾಲೆ ಬಿಟ್ಟವರಿಗೆ ಕಸುಬು ಕಲಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ

ಕಿರ್ಲೋಸ್ಕರ ಎಂಬ ಹೆಸರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದ ರೈತ ಬಾಂಧವರಿಗೆ ಹೊಸದಲ್ಲ. ಭಾವಿ ಮ್ಯಾಲಿನ ಇಂಜಿನ್, ಪಂಪು, ಹಿರಿಯರ ಕಾಲದ ಕಬ್ಬಿಣದ ನೇಗಿಲು ಇವುಗಳ ಮ್ಯಾಲೆ ಆ ಹೆಸರನ್ನು ನಾವೆಲ್ಲ ಓದಿದ್ದೇವೆ. ಆದರೆ ಆ ಹೆಸರಿನ ಮನುಷ್ಯ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಯೊಳಗ ಹುಟ್ಟಿದವರು, ಶಾಲೆಯಲ್ಲಿ ಅಷ್ಟೇನೂ ಮುಂದೆ ಇರದ ಹುಡುಗ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಬೇಕು ಎಂದಾಗ, ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿ ಕಟ್ಟೆ ಮ್ಯಾಲೆ ಕೂತಿರುವ ನಮ್ಮೂರ ಹುಡುಗೂರ ನೆನಪಾಗಿ ಈ ಮಹನೀಯರ ಜೀವನವನ್ನೇ ಆರಿಸಿಕೊಂಡೆ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ ಅವರು 1869ರ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಜನಿಸಿದರು. ಓದಿನಲ್ಲಿ ಮನಸ್ಸಿದ್ದಿಲ್ಲ. ಚಿತ್ರ ಬರೆಯುವುದು, ಯಂತ್ರ ಬಿಚ್ಚಿ ನೋಡುವುದು ಇವೆರಡೇ ಹುಚ್ಚು. ತಂದೆಯವರಿಗೆ ಒಪ್ಪಿಗೆ ಇಲ್ಲದಿದ್ದರೂ ಅಣ್ಣ ರಾಮಚಂದ್ರರಾವ್, ಅಂದರೆ ರಾಮೂಅಣ್ಣ, ಬೆನ್ನಿಗೆ ನಿಂತರು. 1885ರಲ್ಲಿ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಎರಡು ವರ್ಷ ಕಲಿತ ಮ್ಯಾಲೆ ತಿಳಿಯಿತು, ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣುವುದಿಲ್ಲ ಎಂದು. ಚಿತ್ರಗಾರನಾಗಬೇಕೆಂದು ಮನೆ ಬಿಟ್ಟು ಹೋದವನಿಗೆ ಎಂಥ ಪೆಟ್ಟು! ಆದರೂ ಊರಿಗೆ ಹೊಳ್ಳಿ ಬರಲಿಲ್ಲ. ಬಣ್ಣ ಬ್ಯಾಡದ ವಿದ್ಯೆ ಯಾವುದೆಂದು ನೋಡಿ ಯಂತ್ರಗಳ ನಕಾಶೆ ತೆಗೆಯುವುದನ್ನು ಕಲಿತರು. ಅದರಿಂದಲೇ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಸಹಾಯಕ ಶಿಕ್ಷಕರ ನೌಕರಿ ಸಿಕ್ಕಿತು. ಇದೇ ಅವರ ಮೊದಲ ನೌಕರಿ. ಪಾಠ ಹೇಳುತ್ತಲೇ ಅಲ್ಲಿನ ಯಂತ್ರಗಳ ಒಳಗು ಹೊರಗು ಎಲ್ಲಾ ಕಲಿತುಕೊಂಡರು.

ಮುಂಬೈಯಲ್ಲಿದ್ದಾಗಲೇ ಅಣ್ಣತಮ್ಮ ಕೂಡಿ ಬೆಳಗಾವಿಯಲ್ಲಿ 1888ರ ಸುಮಾರಿಗೆ ಸೈಕಲ್ ಅಂಗಡಿ ಹಾಕಿದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸುವುದು, ಅಣ್ಣ ಮಾರುವುದು. ಸೈಕಲ್ ಹೊಡೆಯಲು ಕಲಿಸಲಿಕ್ಕೆ 15 ರೂಪಾಯಿ ಬೇರೆ ತಗೊಳ್ಳುತ್ತಿದ್ದರಂತೆ. ಆ ಕಾಲದ 15 ರೂಪಾಯಿ ಸಣ್ಣ ದುಡ್ಡಲ್ಲ. ಮುಂದೆ ಸಂಸ್ಥೆಯಲ್ಲಿ ತಮಗೆ ಬರಬೇಕಾದ ಬಡ್ತಿಯನ್ನು ಒಬ್ಬ ಆಂಗ್ಲೋ ಇಂಡಿಯನ್ ಶಿಕ್ಷಕರಿಗೆ ಕೊಟ್ಟಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಬೆಳಗಾವಿಯಲ್ಲಿ ಕಿರ್ಲೋಸ್ಕರ ರೋಡ್ ಇವತ್ತಿಗೂ ಇದೆ.

ಬೆಳಗಾವಿಯಲ್ಲಿ ಮೊದಲು ಕಣಿಕಿ ಕತ್ತರಿಸುವ ಯಂತ್ರ ಮಾಡಿದರು. ಆಮ್ಯಾಲೆ ಕಬ್ಬಿಣದ ನೇಗಿಲು. ಎರಿ ಭೂಮಿಯವರಾದ ನಮಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚಿ ಹಾಕುವುದಿಲ್ಲ. ಕರಿಕಿಯ ಬೇರು ಒಳಗೇ ಉಳಿಯುತ್ತದೆ. ಕಬ್ಬಿಣದ ನೇಗಿಲಿಗೆ ಎತ್ತು ಹೆಚ್ಚು ಬೇಕು, ಖರೇ. ಆದರೆ ಆಳಕ್ಕೆ ಹೋಗಿ ಬೇರುಸಹಿತ ಕೀಳುತ್ತದೆ. ಇಷ್ಟೆಲ್ಲ ಇದ್ದರೂ ಮೊದಲು ಮಾಡಿದ ನೇಗಿಲುಗಳು ಎರಡು ವರ್ಷ ಹೋಗಲೇ ಇಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು. ನಗಬ್ಯಾಡ್ರಿ, ಸರ್ಕಾರಿ ಗೊಬ್ಬರ ಮೊದಲು ಬಂದಾಗ ನಮ್ಮ ಹಿರಿಯರೂ ಹೀಂಗೇ ಅಂದವರು.

ಅಷ್ಟರಲ್ಲಿ ಬೆಳಗಾವಿಯ ನಗರಸಭೆಯ ನಿರ್ಬಂಧದಿಂದ ಕಾರ್ಖಾನೆಯ ಜಾಗವೇ ಹೋಗುವ ಪ್ರಸಂಗ ಬಂತು. ಆಗ ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು, ಬಡ್ಡಿ ಇಲ್ಲದ 10,000 ರೂಪಾಯಿ ಸಾಲ ಕೊಟ್ಟರು. ಜಮೀನು ಎಂದರೆ ಪಾಪಾಸುಕಳ್ಳಿ ಬೆಳೆದ ಬಂಜರು. 1910ರಲ್ಲಿ ಹೆಂಡರು ಮಕ್ಕಳು ಸಹಿತ ಕೆಲಸಗಾರರನ್ನು ಕರಕೊಂಡು ಅಲ್ಲಿಗೆ ಹೋದರು. ಕಳ್ಳಿ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ, ಈಗಿನ ಸಾಂಗಲಿ ಜಿಲ್ಲೆಯಲ್ಲಿದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಊರಿನ ಮಂದಿಯ ಬಗ್ಗೆ. ದೊಡ್ಡ ಡಿಗ್ರಿ ಪಡೆದವರು ಆ ಬಂಜರಿಗೆ ಯಾಕೆ ಬಂದಾರು? ಎಲ್ಲೂ ನೆಲೆ ಸಿಗದವರನ್ನೇ ಲಕ್ಷ್ಮಣರಾಯರು ತಗೊಂಡರು. ಶಂಭೂರಾವ್ ಜಾಂಭೇಕರ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವರು, ಅಲ್ಲಿ ಯಾವ ಕೆಲಸಕ್ಕೂ ಅವರೇ ಬೇಕು ಎಂಬಂತಾದರು. ಅನಂತರಾವ್ ಫಳಣೀಕರ ಶಾಲೆ ಬಿಟ್ಟ ಹುಡುಗ, ಹೊಸ ಹೊಸ ಯಂತ್ರ ಯೋಚಿಸುವ ಇಂಜಿನಿಯರನಾದರು. ಕೆ.ಕೆ. ಕುಲಕರ್ಣಿ ಎಂಬವರಿಗೆ ಓದು ಹತ್ತಿರಲಿಲ್ಲ, ಅವರು ಮ್ಯಾನೇಜರ್ ಆದರು. ಲೆಕ್ಕಪತ್ರ ಮಂಗೇಶರಾವ್ ರೇಗೆಯವರದು, ಊರಿನ ಆಡಳಿತ ರಾಮೂಅಣ್ಣನವರದು. ಇನ್ನು ರಾತ್ರಿ ಕಾವಲಿಗೆ? ದರೋಡೆ ಮಾಡಿ ಜೈಲು ಕಂಡು ಬಂದಿದ್ದ ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಇಬ್ಬರನ್ನು ನೇಮಿಸಿದರು. ಅವರು ಇಡೀ ಊರಿನ ನಂಬಿಗಸ್ತ ಕಾವಲುಗಾರರಾದರು. ಆ ಊರಿನಲ್ಲಿ ಮುಟ್ಟು-ತಟ್ಟು ನಡೆಸಕೂಡದು ಎಂದೂ ಲಕ್ಷ್ಮಣರಾಯರು ಕಟ್ಟು ಮಾಡಿದ್ದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಇದನ್ನು ದಾನಧರ್ಮ ಎಂದು ತಿಳಿಯಬಾರದು. ಕಾರ್ಖಾನೆ ನಡೆಯಲಿಕ್ಕೆ ಕೈಗಳು ಬೇಕಾಗಿದ್ದವು, ಕಲಿತ ಕೈ ಸಿಗುತ್ತಿದ್ದಿಲ್ಲ, ಆದ್ದರಿಂದ ಕಲಿಸಿಕೊಂಡರು. ಸ್ವತಃ ಶಿಕ್ಷಕರಾಗಿದ್ದವರು, ಕಲಿಸುವುದು ಅವರಿಗೆ ಭಾರವೆನಿಸಲಿಲ್ಲ ಎಂದು ನನ್ನ ಅನಿಸಿಕೆ. ಇವತ್ತು ನಮ್ಮ ಹುಡುಗೂರು ಎಲ್ಲಿ ಹೋದರೂ ಅನುಭವ ಐತೇನು ಎಂದು ಮೊದಲು ಕೇಳುತ್ತಾರೆ. ಮೊದಲ ಕೆಲಸವನ್ನೇ ಯಾರೂ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಅಪ್ರೆಂಟಿಸ್ ಕಾಯ್ದೆ 1961ರಲ್ಲೇ ಬಂದಿದೆ, ಕಲಿಯುವ ಹುಡುಗನಿಗೆ ಕಾರ್ಖಾನೆಯವರು ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸಬೇಕು. ಐ.ಟಿ.ಐ. ಮುಗಿಸಿದವರಿಗೂ ಈ ದಾರಿ ಇದೆ. ನಮ್ಮ ಭಾಗಕ್ಕೆ 371(ಜೆ) ಮೀಸಲಾತಿಯೂ 2013ರಿಂದ ಇದೆ. ಆದರೆ ಅರ್ಜಿ ಯಾವಾಗ, ಎಲ್ಲಿ ಹಾಕಬೇಕು ಎಂದು ಹೇಳುವವರಿಲ್ಲದೆ ಎಷ್ಟೋ ಮಂದಿ ಪುಣೆ, ಮುಂಬೈಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಸಂಘದ ಗೋದಾಮು, ತೂಕ, ಕಂಪ್ಯೂಟರ್ ಲೆಕ್ಕ ಇವುಗಳಲ್ಲಿ ವರ್ಷಕ್ಕೆ ಇಬ್ಬರು ಹುಡುಗರನ್ನಾದರೂ ಕಲಿಯಲಿಕ್ಕೆ ಇಟ್ಟುಕೊಳ್ಳಬಹುದೇ ಎಂಬುದನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರು ವಿಚಾರ ಮಾಡಬೇಕೆಂದು ವಿನಂತಿ.

ಲಕ್ಷ್ಮಣರಾಯರ ಮಗ ಶಂತನುರಾವ್ ಹುಟ್ಟಿದ್ದು ನಮಗೆ ಹತ್ತಿರದ ಸೊಲ್ಲಾಪುರದಲ್ಲಿ, 1903ರಲ್ಲಿ. ಅವರನ್ನು ಅಮೆರಿಕೆಗೆ ಕಳಿಸಿ ಇಂಜಿನಿಯರಿಂಗ್ ಓದಿಸಿದರು. ಮುಂದೆ ಮನೆತನದ ಉದ್ಯೋಗ ಬಹಳ ಬೆಳೆಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ಆದವು. ಹರಿಹರದ ಕಾರ್ಖಾನೆ ಮಾತ್ರ ಮುಚ್ಚಿಹೋಗಿ ಎಷ್ಟೋ ಕುಟುಂಬಗಳು ತೊಂದರೆಗೆ ಬಿದ್ದವು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಜನ್ಮಶತಮಾನೋತ್ಸವದ ವರ್ಷ 1969ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು. ಮಿರಜ-ಪುಣೆ ಮಾರ್ಗದ ಆ ಕುಂಡಲ್ ರೋಡ್ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರವಾಡಿ ಎಂದೇ ಬೋರ್ಡು ಇದೆ.